ಅಪೊಲೊ ಬಂದರಿನ ಸೊನ್ನೆ

ನೆಲದ ಬದಲಾವಣೆಯನ್ನು ಆಕಾಶದಿಂದ ಅಳೆಯುವ ವಿದ್ಯೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಅಗ್ಗವೂ ಸುಲಭವೂ ಆಗಿರುವುದರಿಂದ, ಕೆರೆಯ ಒತ್ತುವರಿಯಿಂದ ಹಿಡಿದು ಕಡಲ್ಕೊರೆತದವರೆಗೆ ಯಾವ ಪ್ರಶ್ನೆ ಎದ್ದರೂ ಡ್ರೋನ್ ಹಾರಿಸಿದರೆ ಉತ್ತರ ಸಿಕ್ಕೀತೆಂಬ ನಂಬಿಕೆ ಆಡಳಿತದಲ್ಲೂ ಜನರಲ್ಲೂ ಬೇರೂರುತ್ತಿದೆ. ಆದರೆ ಡ್ರೋನ್ ಹೇಳುವುದು ಒಂದು ದಿನದ ಸ್ಥಿತಿಯನ್ನು ಮಾತ್ರ. ಬದಲಾವಣೆಯೆಂಬುದು ಎರಡು ಕಾಲಗಳ ನಡುವಿನ ಅಂತರವಾದ್ದರಿಂದ, ಹಿಂದಿನ ಅಳತೆ ಜೋಪಾನವಾಗಿ ಉಳಿದಿರಬೇಕು ಮತ್ತು ಹಳತು ಹೊಸತೆರಡೂ ಒಂದೇ ಆಧಾರಕ್ಕೆ ಕಟ್ಟುಬಿದ್ದಿರಬೇಕು. ಇಲ್ಲವಾದರೆ ಹೊಸ ಚಿತ್ರ ಎಷ್ಟು ನಿಚ್ಚಳವಾಗಿದ್ದರೂ ಅದರಿಂದ ಲೆಕ್ಕ ಹೊರಡದು. ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಇದು ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ.

ಡ್ರೋನ್ ನಕ್ಷೆ ತಯಾರಾಗುವ ಬಗೆಯನ್ನು ಮೊದಲು ಗಮನಿಸಬೇಕು. ಯಂತ್ರವು ನೇಗಿಲ ಸಾಲಿನಂತೆ ಹಿಂದಕ್ಕೂ ಮುಂದಕ್ಕೂ ಹಾರುತ್ತ, ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನ ಚಿತ್ರದಲ್ಲೂ ಮೂಡುವಂತೆ ನೂರಾರು ಛಾಯಾಚಿತ್ರಗಳನ್ನು ತೆಗೆಯುತ್ತದೆ. ಒಂದೇ ಬಿಂದು ಬೇರೆ ಬೇರೆ ಕೋನಗಳಿಂದ ಕಂಡಾಗ ಎಷ್ಟೆಷ್ಟು ಸರಿದಂತೆ ತೋರುತ್ತದೆ ಎಂಬುದರಿಂದ ಗಣಕವು ಅದರ ಎತ್ತರವನ್ನು ಲೆಕ್ಕ ಹಾಕುತ್ತದೆ. ಫೋಟೋಗ್ರಾಮೆಟ್ರಿ ಎಂದು ಕರೆಯುವ ಈ ವಿಧಾನದಲ್ಲಿ ಕೆಲವೇ ಸೆಂಟಿಮೀಟರುಗಳ ಸೂಕ್ಷ್ಮತೆ ಸಾಧ್ಯ. ಆದರೆ ಕ್ಯಾಮೆರಾ ಕಂಡದ್ದು ಮೇಲ್ಮೈಯನ್ನು, ಅಂದರೆ ಛಾವಣಿಯನ್ನೂ ಮರದ ನೆತ್ತಿಯನ್ನೂ. ನೀರು ಹರಿಯುವುದು ಅವುಗಳ ಕೆಳಗಿನ ನೆಲದ ಮೇಲೆ. ಲೇಸರ್ ಕಿರಣಗಳನ್ನು ಬಿಟ್ಟು ಅವು ಮರಳುವ ಹೊತ್ತಿನಿಂದ ದೂರವನ್ನಳೆಯುವ ಲೈಡಾರ್ ಉಪಕರಣವು ಎಲೆಗಳ ಸಂದಿನಿಂದ ನುಸುಳಿ ನೆಲವನ್ನು ಮುಟ್ಟಬಲ್ಲುದಾದರೂ, ಕಟ್ಟಡದ ಅಡಿಯನ್ನು ಅದೂ ಕಾಣಲಾರದು. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಜಾಗತಿಕ ಎತ್ತರದ ನಕ್ಷೆಯಲ್ಲಿ ಇದೇ ದೋಷವಿತ್ತು. ಛಾವಣಿಗಳನ್ನು ನೆಲವೆಂದು ಎಣಿಸಿದ್ದರಿಂದ ಕಡಲತೀರದ ನಗರಗಳು ಇರುವುದಕ್ಕಿಂತ ಎತ್ತರದಲ್ಲಿವೆಯೆಂಬ ತಪ್ಪು ಧೈರ್ಯ ಹುಟ್ಟಿತ್ತು.

ಇನ್ನೂ ಆಳವಾದ ಪ್ರಶ್ನೆಯೆಂದರೆ, ಎತ್ತರವನ್ನು ಎಲ್ಲಿಂದ ಅಳೆಯಬೇಕು ಎಂಬುದು. ಫೋರ್ಟಿನ ದಕ್ಷಿಣದ ಅಂಚಿನಲ್ಲಿರುವ ಅಪೊಲೊ ಬಂದರಿನಲ್ಲಿ 1878ರಿಂದ ಉಬ್ಬರಮಾಪಕವು ಕಡಲಿನ ಏರಿಳಿತವನ್ನು ದಾಖಲಿಸುತ್ತ ಬಂದಿದೆ. ಹಿಂದೂ ಮಹಾಸಾಗರದ ಅತ್ಯಂತ ದೀರ್ಘವಾದ ದಾಖಲೆಗಳಲ್ಲಿ ಇದೂ ಒಂದು. ಸರ್ವೆ ಆಫ್ ಇಂಡಿಯಾ 1909ರಲ್ಲಿ ಭಾರತದ ಎತ್ತರಗಳಿಗೆಲ್ಲ ಒಂದು ಸೊನ್ನೆಯನ್ನು ನಿಗದಿ ಮಾಡಿದಾಗ ಆಧಾರವಾಗಿಟ್ಟುಕೊಂಡ ಒಂಬತ್ತು ಬಂದರುಗಳ ಸಾಲಿನಲ್ಲಿ ಮುಂಬಯಿಯೂ ಇತ್ತು, ಕಾರವಾರವೂ ಇತ್ತು. ಬಹುಕಾಲ ಕನ್ನಡ ನಾಡಿನ ಬೆಟ್ಟಗಳ, ಕೆರೆಗಳ, ರೈಲು ನಿಲ್ದಾಣಗಳ ಎತ್ತರವೆಂದು ಬರೆಯಲಾದ ಅಂಕಿಗಳೆಲ್ಲ ಈ ಬಂದರುಗಳಲ್ಲಿ ವರ್ಷಗಟ್ಟಲೆ ಅಳೆದ ನೀರಿನ ಸರಾಸರಿಯನ್ನೇ ನೆಚ್ಚಿದ್ದವು.

ಡ್ರೋನಿನ ಉಪಗ್ರಹ ಗ್ರಾಹಕಕ್ಕೆ ಈ ಸೊನ್ನೆ ಗೊತ್ತಿಲ್ಲ. ಅದು ಭೂಮಿಯನ್ನು ನುಣುಪಾದ ಅಂಡಾಕಾರವೆಂದು ಭಾವಿಸಿ ಎತ್ತರ ಹೇಳುತ್ತದೆ. ಭಾರತದ ಸುತ್ತ ಗುರುತ್ವಾಕರ್ಷಣೆ ದುರ್ಬಲವಾಗಿರುವುದರಿಂದ ಇಲ್ಲಿಯ ಕಡಲಮಟ್ಟ ಆ ಕಲ್ಪಿತ ಮೈಗಿಂತ ಬಹಳ ತಗ್ಗಿನಲ್ಲಿದೆ. ಮುಂಬಯಿಯ ಕಡಲಂಚಿನಲ್ಲಿ ಗ್ರಾಹಕವನ್ನು ಇಟ್ಟರೆ ಅದು ಆ ಕಲ್ಪಿತ ಮೈಯ ಸೊನ್ನೆಗಿಂತ 60 ಮೀಟರಿಗೂ ಹೆಚ್ಚು ಕೆಳಗಿನ ಎತ್ತರವನ್ನು ತೋರಿಸುತ್ತದೆ. ಇವೆರಡಲ್ಲದೆ ಮೂರನೆಯ ಸೊನ್ನೆಯೊಂದಿದೆ. ಮಳೆಗಾಲದಲ್ಲಿ ಪತ್ರಿಕೆಗಳು ಎಚ್ಚರಿಸುವ ನಾಲ್ಕೂವರೆ ಮೀಟರಿನ ಉಬ್ಬರವನ್ನು ಅಳೆಯುವುದು ನಾವಿಕರ ನಕ್ಷೆಯ ತಳಮಟ್ಟದಿಂದ. ಅದು ಸರಾಸರಿ ಕಡಲಮಟ್ಟಕ್ಕಿಂತ ಸುಮಾರು ಎರಡೂವರೆ ಮೀಟರ್ ಕೆಳಗಿದೆ. ಹೀಗಾಗಿ ಆ ಉಬ್ಬರ ನಗರದ ನಕ್ಷೆಯ ಭಾಷೆಯಲ್ಲಿ ಸುಮಾರು ಎರಡು ಮೀಟರ್ ಮಾತ್ರ. ಬೀದಿಯ ಎತ್ತರವನ್ನು ಒಂದು ಸೊನ್ನೆಯಿಂದಲೂ ನೀರಿನ ಎತ್ತರವನ್ನು ಇನ್ನೊಂದರಿಂದಲೂ ಓದಿದವರು ನಗರವನ್ನು ಕಾಗದದ ಮೇಲೆ ವಿನಾಕಾರಣ ಮುಳುಗಿಸಿಯಾರು, ಇಲ್ಲವೇ ವಿನಾಕಾರಣ ಉಳಿಸಿಯಾರು. 2021ರ ಆಗಸ್ಟಿನಲ್ಲಿ ಅಂದಿನ ನಗರಪಾಲಿಕೆ ಆಯುಕ್ತರು, ಫೋರ್ಟ್ ಸೇರಿರುವ ಎ ವಾರ್ಡಿನಿಂದ ಡಿ ವಾರ್ಡಿನವರೆಗಿನ ಬಹುಭಾಗ 2050ರ ಹೊತ್ತಿಗೆ ನೀರಿನಡಿ ಹೋಗಬಹುದೆಂದು ಹೇಳಿದಾಗ ಊರು ಬೆಚ್ಚಿತು. ಆದರೆ ಆ ಅಂದಾಜು ಯಾವ ಎತ್ತರದ ನಕ್ಷೆಯ ಮೇಲೆ ನಿಂತಿದೆಯೆಂದು ಕೇಳಿದವರು ವಿರಳ. ಎಲ್ಲಕ್ಕಿಂತ ಮೊದಲು ಕೇಳಬೇಕಿದ್ದುದು ಅದನ್ನೇ.

ಅಪೊಲೊ ಬಂದರಿನ ದೀರ್ಘ ದಾಖಲೆಯ ಪ್ರಕಾರ ಕಡಲು ಶತಮಾನವೊಂದರ ಸರಾಸರಿಯಲ್ಲಿ ವರ್ಷಕ್ಕೆ ಒಂದು ಮಿಲಿಮೀಟರಿಗೆ ತುಸು ಕಡಿಮೆ ಏರಿದೆ; ಇತ್ತೀಚಿನ ದಶಕಗಳಲ್ಲಿ ಜಾಗತಿಕ ಏರಿಕೆಯ ವೇಗ ಇದರ ಮೂರು ಪಟ್ಟನ್ನೂ ಮೀರಿದೆ. ಮಾಪಕ ನಿಂತಿರುವುದು ನೆಲದ ಮೇಲಾದ್ದರಿಂದ ನೆಲ ಕುಸಿದರೂ ಕಡಲು ಏರಿದಂತೆಯೇ ದಾಖಲಾಗುತ್ತದೆ. ಫೋರ್ಟಿನ ಸುತ್ತ ಈ ಎಚ್ಚರ ಹೆಚ್ಚು ಬೇಕು, ಏಕೆಂದರೆ ಇಲ್ಲಿಯ ನೆಲದ ಒಂದು ಪಾಲು ಸಮುದ್ರದಿಂದ ಗಳಿಸಿದ್ದು. ಬಲ್ಲಾರ್ಡ್ ಎಸ್ಟೇಟ್ 1914ರಿಂದ 1918ರ ನಡುವೆ, ಅಲೆಕ್ಸಾಂಡ್ರಾ ಡಾಕ್ ತೋಡಿದ ಮಣ್ಣು ತುಂಬಿದ ಜಾಗದ ಮೇಲೆ ಎದ್ದಿತು. ಪಶ್ಚಿಮಕ್ಕೆ ಬ್ಯಾಕ್ ಬೇ ತುಂಬಿ ಮರೀನ್ ಡ್ರೈವ್ ಮೂಡಿತು. ಕೋಟೆಯ ಗೋಡೆಗಳು 1860ರ ದಶಕದಲ್ಲಿ ಉರುಳಿದ ಬೆನ್ನಿಗೇ ಕರ್ನಲ್ ಲಾಟನ್ 1872ರ ಹೊತ್ತಿಗೆ ಮುಗಿಸಿದ ನಗರದ ಮೋಜಣಿ ನಕ್ಷೆಗಳನ್ನು ಇಂದಿನ ಡಿಜಿಟಲ್ ನಕ್ಷೆಯ ಮೇಲೆ ಕೂರಿಸಿದರೆ ಹಳೆಯ ದಡ ಎಲ್ಲಿತ್ತೆಂಬುದು ಬೀದಿ ಬೀದಿಯಾಗಿ ಕಾಣುತ್ತದೆ. ಇಂದಿಗೂ ಅಲುಗದೆ ನಿಂತಿರುವ ಚರ್ಚು, ಬಾವಿ, ಕಟ್ಟಡದ ಮೂಲೆಗಳನ್ನು ಎರಡೂ ನಕ್ಷೆಗಳಲ್ಲಿ ಗುರುತಿಸಿ ಹಳೆಯದನ್ನು ಹೊಸ ನಿರ್ದೇಶಾಂಕಗಳಿಗೆ ಹೊಂದಿಸುವ ಈ ಕೆಲಸಕ್ಕೆ ಡ್ರೋನ್ ಬೇಕಿಲ್ಲ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಂಥ ಸಂಗ್ರಹಗಳಲ್ಲಿ ಕೂತು ದುಡಿಯುವ ತಾಳ್ಮೆ ಬೇಕು. ಯಂತ್ರಕ್ಕೆ ಸುರಿಯುವ ಹಣದ ಒಂದು ಪಾಲಾದರೂ ಈ ಕಾಗದಗಳ ರಕ್ಷಣೆಗೆ ಹೋಗಬೇಕು.

ನಕ್ಷೆ ಕಾನೂನಿನ ಬಲ ಪಡೆದದ್ದೂ ಫೋರ್ಟಿನಲ್ಲೇ. ಇಲ್ಲಿಯ ಹೈಕೋರ್ಟು 2005ರ ಅಕ್ಟೋಬರಿನಲ್ಲಿ, ಬಾಂಬೆ ಎನ್ವಿರಾನ್ಮೆಂಟಲ್ ಆಕ್ಷನ್ ಗ್ರೂಪ್ ಸಲ್ಲಿಸಿದ್ದ ಅರ್ಜಿಯ ಮೇಲೆ, ಕರಾವಳಿಯ ಕನ್ನಡಿಗರು ಕಾಂಡ್ಲಾ ಎನ್ನುವ ಉಪ್ಪುನೀರಿನ ಕಾಡನ್ನು ಕಡಿಯದಂತೆ ಮಧ್ಯಂತರ ಆದೇಶ ಕೊಟ್ಟು, ಅದರ ಸುತ್ತ 50 ಮೀಟರಿನೊಳಗೆ ಕಟ್ಟಡ ಕಾಮಗಾರಿಯನ್ನು ತಡೆದು, ಉಪಗ್ರಹ ಚಿತ್ರಗಳಿಂದ ಅದರ ನಕ್ಷೆ ಮಾಡಿಸಲು ಹೇಳಿತು. 2018ರ ಸೆಪ್ಟೆಂಬರಿನ ಅಂತಿಮ ತೀರ್ಪು ಕಾಂಡ್ಲಾ ನಾಶವನ್ನು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸಾರಿತು. ಐವತ್ತು ಮೀಟರಿನ ಗೆರೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಕಾಡಿನ ಅಂಚು ಯಾವ ಸರ್ವೆ ನಂಬರಿನಲ್ಲಿ ಎಲ್ಲಿ ಮುಗಿಯುತ್ತದೆಂದು ತಿಳಿಯಬೇಕು. ಹಲವು ಮೀಟರ್ ಅಗಲವನ್ನು ಒಂದೇ ಚುಕ್ಕೆಯಾಗಿ ತೋರಿಸುವ ಉಪಗ್ರಹ ಚಿತ್ರಕ್ಕಿಂತ ಡ್ರೋನ್ ಇಲ್ಲಿ ನಿಜಕ್ಕೂ ಉಪಕಾರಿ, ಆದರೆ ಹಾರಾಟದ ಹೊತ್ತನ್ನು ಉಬ್ಬರವಿಳಿತಕ್ಕೆ ಹೊಂದಿಸಲೇಬೇಕು. ಉಬ್ಬರದಲ್ಲಿ ಎಳೆಯ ಸಸಿಗಳು ಮುಳುಗಿ ಕಾಡು ಕುಗ್ಗಿದಂತೆ ಕಾಣುತ್ತದೆ. ಹಾಗೆ ಸಸಿಗಳು ಮರೆಯಾದ ಕೆಸರುಬಯಲು ಖಾಲಿ ಜಾಗವೆಂದು ಕಡತಕ್ಕೆ ಸೇರುವ ಅಪಾಯ ಸಣ್ಣದಲ್ಲ.

ಫೋರ್ಟಿನ ಮೇಲೆಯೇ ಡ್ರೋನ್ ಹಾರಿಸುವುದು ಸುಲಭವಲ್ಲ. ನೌಕಾನೆಲೆಗಳ ಸುತ್ತ 3 ಕಿಲೋಮೀಟರ್ ಹಾರಾಟಕ್ಕೆ ನಿಷೇಧವಿದ್ದು, ನೌಕಾ ಹಡಗುಕಟ್ಟೆಗೆ ಅಂಟಿಕೊಂಡ ಈ ಪ್ರದೇಶದಲ್ಲಿ ವಿದ್ಯಾರ್ಥಿಗಳಾಗಲಿ ನಾಗರಿಕ ಗುಂಪುಗಳಾಗಲಿ ತಾವಾಗಿ ಸಮೀಕ್ಷೆ ನಡೆಸುವಂತಿಲ್ಲ. ಭದ್ರತೆಯ ದೃಷ್ಟಿಯಿಂದ ಈ ನಿರ್ಬಂಧ ನ್ಯಾಯವಾದದ್ದೇ. ಆದರೆ ಜನರು ಅಳೆಯಬಾರದೆಂದ ಮೇಲೆ ಅಳೆದ ಸಂಸ್ಥೆಗಳು ಜನರಿಗೆ ತಿಳಿಸುವ ಹೊಣೆ ಇಮ್ಮಡಿಯಾಗುತ್ತದೆ. ಸಾರ್ವಜನಿಕ ಹಣದಿಂದ ತಯಾರಾದ ಭೌಗೋಳಿಕ ದತ್ತಾಂಶವು, ಭದ್ರತಾ ಸಂಸ್ಥೆಗಳದ್ದನ್ನು ಬಿಟ್ಟು, ಭಾರತೀಯರಿಗೆ ಸುಲಭವಾಗಿ ದೊರಕಬೇಕೆಂದು 2021ರ ಫೆಬ್ರುವರಿ 15ರ ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಆ ಮಾತಿನಂತೆ ಎ ವಾರ್ಡಿನ ಎತ್ತರದ ನಕ್ಷೆಯು, ಅಳೆದ ದಿನಾಂಕವನ್ನೂ ಯಾವ ಸೊನ್ನೆಯಿಂದ ಅಳೆದದ್ದೆಂಬುದನ್ನೂ ನಮೂದಿಸಿಕೊಂಡು, ವಾರ್ಡ್ ಕಚೇರಿಯಲ್ಲಿ ಕೇಳಿದವರಿಗೆ ಸಿಗಬೇಕು; ಬೋರಾ ಬಜಾರಿನ ಗಲ್ಲಿಯ ಅಂಗಡಿಯವರೂ ಉಡುಪಿ ಕಡೆಯಿಂದ ಬಂದು ಹೋಟೆಲು ನಡೆಸುವವರೂ ಮುಂದಿನ ಮಳೆಗಾಲಕ್ಕೆ ಮೊದಲೇ ಅಕ್ಕಿ ಮೂಟೆಗಳನ್ನು ಎಷ್ಟು ಎತ್ತರದಲ್ಲಿಡಬೇಕೆಂದು ಅದನ್ನು ನೋಡಿ ತೀರ್ಮಾನಿಸುವಂತಾಗಬೇಕು.