ಪೆಟ್ಟಿಗಿಂತ ಗೀರೇ ಅಪಾಯ

ಫೋನ್ ಹತ್ತು ಸಲ ಬಿದ್ದರೂ ಏನೂ ಆಗಲ್ಲ. ಹನ್ನೊಂದನೇ ಸಲ ಮೊಣಕಾಲೆತ್ತರದಿಂದ ಬಿದ್ದರೆ ಸಾಕು, ಸ್ಕ್ರೀನ್ ಜೇಡರ ಬಲೆ! ‘ನಸೀಬು ಸರಿಯಿಲ್ಲ’ ಅಂತೀವಿ. ನನ್ನ ಕೇಳಿದರೆ, ನಸೀಬಿಗಿಂತ ಹಳೇ ಗೀರುಗಳನ್ನೇ ದೂರಬೇಕು.

ಇದರ ಲೆಕ್ಕ ಹಾಕಿಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್. 1921ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರ ಇಷ್ಟು: ಗಾಜು ಮೂಲತಃ ಬಹಳ ಗಟ್ಟಿ, ಅದನ್ನು ಸೋಲಿಸೋದು ಕಣ್ಣಿಗೆ ಕಾಣದ ಬಿರುಕುಗಳು. ಬಿದ್ದ ಒತ್ತಡವೆಲ್ಲ ಬಿರುಕಿನ ತುದಿಯಲ್ಲೇ ಸೇರುತ್ತೆ. ಸ್ಟೀಲ್ ಆಗಿದ್ದರೆ ಆ ತುದಿ ಸ್ವಲ್ಪ ಹಿಗ್ಗಿ ಮೊಂಡಾಗುತ್ತಿತ್ತು. ಗಾಜಿಗೆ ಹಿಗ್ಗೋದು ಗೊತ್ತಿಲ್ಲ. ತುದಿ ಹರಿತವಾಗಿಯೇ ಉಳಿದು ಮುಂದೆ ಓಡುತ್ತೆ.

ಅದಕ್ಕೇ ಫೋನಿನ ಗಾಜನ್ನು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದುತ್ತಾರೆ. ಸಣ್ಣ ಸೋಡಿಯಂ ಅಯಾನುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ತೂರಿಕೊಂಡು, ಮೇಲ್ಪದರ ಬಿಗಿಯಾಗಿ ಒತ್ತಿಕೊಳ್ಳುತ್ತೆ. ಸಣ್ಣ ಬಿರುಕು ಬಾಯಿಬಿಡಲ್ಲ. ಆದರೆ ಗೀರು ಆ ಪದರವನ್ನೂ ದಾಟಿದರೆ ರಕ್ಷಣೆ ಮುಗೀತು.

ಜೇಬಿನ ಕೀಗೊಂಚಲಿಗೆ ನಾವು ಹೆದರ್ತೀವಿ. ಕೀಯ ಲೋಹ ಸಾಮಾನ್ಯವಾಗಿ ಈ ಗಾಜಿಗಿಂತ ಮೆದು. ನಿಜವಾದ ಶತ್ರು ಬ್ಯಾಗಿನ ತಳದಲ್ಲಿರೋ ಮರಳು. ಅದು ಗಾಜಿಗಿಂತ ಗಟ್ಟಿ. ಆ ಬ್ಯಾಗನ್ನು ಆಗಾಗ ಕೊಡವಿ.

ಕಾರಿನ ವಿಂಡ್‌ಶೀಲ್ಡಿಗೂ ಇದೇ ನಿಯಮ. ಕಲ್ಲು ಸಿಡಿದು ಚಿಕ್ಕ ಚುಕ್ಕೆ ಬಿದ್ದಿದ್ದರೆ ‘ಸಂಬಳ ಬರಲಿ’ ಅಂತ ಕಾಯಬೇಡಿ. ಬಿಸಿಲಿಗೆ ಕಾದ ಗಾಜಿಗೆ ಏಸಿಯ ತಣ್ಣನೆ ಗಾಳಿ ತಾಗಿದರೂ ಬಿರುಕು ಓಡಬಹುದು. ಚುಕ್ಕೆಯಾಗಿದ್ದಾಗಲೇ ರೆಸಿನ್ ತುಂಬಿಸಿದರೆ ಇಡೀ ಗಾಜು ಉಳಿಯುತ್ತೆ, ನಿಮ್ಮ ದುಡ್ಡೂ.