ತೂಕ ಇಳಿಸುವವರೂ ಉಣ್ಣಬೇಕು

ಬೆಳಗಿನ ಐದೂವರೆಗೆ ಮುಂಬಯಿಯ ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತಲೋ, ಪುಣೆಯ ಪರ್ವತಿ ಬೆಟ್ಟದ ಮೆಟ್ಟಿಲುಗಳ ಮೇಲೋ, ದಿಲ್ಲಿಯ ಲೋದಿ ಉದ್ಯಾನದಲ್ಲೋ, ಚೆನ್ನೈಯ ಮರೀನಾ ತೀರದಲ್ಲೋ ಕಿವಿಗೊಟ್ಟು ನಡೆದವರಿಗೆ ಕನ್ನಡದ ನಾಲ್ಕು ಮಾತು ಕೇಳಿಬರುವುದು ಅಪರೂಪವೇನಲ್ಲ. ನಿವೃತ್ತರು, ಬ್ಯಾಂಕು-ವಿಮಾ ಕಚೇರಿಗಳ ನೌಕರರು, ಗಣಕಯಂತ್ರದ ಮುಂದೆ ಹತ್ತು ತಾಸು ಕೂರುವ ತರುಣರು, ಗೃಹಿಣಿಯರು, ಎಲ್ಲರೂ ಹೊಟ್ಟೆ ಕರಗಿಸುವ ಸಂಕಲ್ಪ ತೊಟ್ಟು ಹೊರಟಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹೀಗೆ ನಡೆಯುವವರಲ್ಲಿ ಎಷ್ಟೋ ಮಂದಿ ಹಿಂದಿನ ರಾತ್ರಿ ಊಟ ಬಿಟ್ಟು ಬಂದವರು. ನಡೆದು ಮನೆಗೆ ಹೋದ ಮೇಲೆ ತಿಂಡಿಯನ್ನೂ ಬಿಡುವವರು. ನಡಿಗೆ ದುಪ್ಪಟ್ಟು, ಊಟ ಅರ್ಧ ಎಂಬ ಈ ಹೊಸ ವ್ರತ ಮಹಾನಗರಗಳ ಕನ್ನಡಿಗರಲ್ಲಿ ಬೇರೂರುತ್ತಿರುವುದು ಮಾತ್ರ ಚಿಂತೆಗೆ ಎಡೆಗೊಡುವ ವಿಷಯ.

ಈ ವ್ರತ ಸಾಮಾನ್ಯವಾಗಿ ಮೂರು ವಾರ ನಡೆಯುತ್ತದೆ. ಮೊದಲ ವಾರ ಎರಡು ಕಿಲೋ ಇಳಿದು ಉತ್ಸಾಹ ತುಂಬುತ್ತದೆ; ಅದರಲ್ಲಿ ಹೆಚ್ಚಿನ ಪಾಲು ನೀರು ಎಂಬುದು ತೂಕದ ಯಂತ್ರಕ್ಕೆ ತಿಳಿಯದು. ಎರಡನೆಯ ವಾರ ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ನಿಂತಲ್ಲೇ ತಲೆಸುತ್ತು, ಕಚೇರಿಯಲ್ಲಿ ತಲೆನೋವು, ಮನೆಯಲ್ಲಿ ಸಿಡಿಮಿಡಿ. ಮೂರನೆಯ ವಾರ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಚಕ್ಕುಲಿ ಡಬ್ಬದ ಮುಚ್ಚಳ ಸದ್ದಿಲ್ಲದೆ ತೆರೆಯುತ್ತದೆ. ದೀಪಾವಳಿಯ ವೇಳೆಗೆ ಹೋದ ತೂಕವೆಲ್ಲ ಬಡ್ಡಿಸಹಿತ ಮರಳಿರುತ್ತದೆ. ತನ್ನ ಮನಸ್ಸು ದುರ್ಬಲವೆಂದು ಆ ಬಡಪಾಯಿ ತನ್ನನ್ನೇ ಹಳಿದುಕೊಳ್ಳುತ್ತಾನೆ. ವಾಸ್ತವವಾಗಿ ತಪ್ಪಿದ್ದು ಅವನ ಲೆಕ್ಕ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು. ಊಟ ಬಿಟ್ಟವನಿಗೆ ರೋಗವಿಲ್ಲ ಎಂದು ಅವರು ಹೇಳಿದಂತಿಲ್ಲ.

ಹಸಿವೆಗೂ ಮನಸ್ಸಿಗೂ ಇರುವ ಸಂಬಂಧವನ್ನು ಬಲ್ಲವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗವೊಂದನ್ನು ಮರೆಯಲಾರರು. ಎರಡನೆಯ ಮಹಾಯುದ್ಧದ ಕಡೆಯ ದಿನಗಳಲ್ಲಿ, 1944-45ರಲ್ಲಿ, ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರನ್ನು ಆರಿಸಿಕೊಂಡು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿಟ್ಟನು. ಯುದ್ಧದಿಂದ ಕಂಗೆಟ್ಟ ಯುರೋಪಿನ ಹಸಿದ ಜನರನ್ನು ಮತ್ತೆ ಉಣಿಸುವ ಕ್ರಮವನ್ನು ಅರಿಯುವುದು ಅವನ ಉದ್ದೇಶವಾಗಿತ್ತು. ಅವರಿಗೆ ದಿನಕ್ಕೆ ದೊರೆತದ್ದು ಸರಾಸರಿ 1,570 ಕ್ಯಾಲೊರಿಯಷ್ಟು ಆಹಾರ. ನಡೆಯಬೇಕಾದದ್ದು ವಾರಕ್ಕೆ 22 ಮೈಲು, ಅಂದರೆ ಸುಮಾರು 35 ಕಿಲೋಮೀಟರು. ಇಂದು ಜಿಮ್‌ಗಳಲ್ಲಿ ತರುಣ ತರಬೇತಿದಾರರು ಬರೆದುಕೊಡುವ ಆಹಾರಪಟ್ಟಿಗಳಲ್ಲಿ ಎಷ್ಟೋ ಇದಕ್ಕಿಂತಲೂ ಬಡವಾಗಿರುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು. ಆ ತರುಣರ ತೂಕ ಕಾಲುಭಾಗದಷ್ಟು ಇಳಿಯಿತು. ಅದರೊಡನೆ ಅವರ ದೇಹ ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯೂ ಸುಮಾರು ಶೇಕಡಾ 40ರಷ್ಟು ಕುಗ್ಗಿತು. ಬೇಸಗೆಯಲ್ಲೂ ಅವರಿಗೆ ಚಳಿ. ಮೆಟ್ಟಿಲು ಹತ್ತಲು ಆಯಾಸ. ಓದು, ಗೆಳೆತನ, ಹಾಸ್ಯ ಎಲ್ಲವೂ ಬೇಡವಾಗಿ, ಅಡುಗೆಯ ಪುಸ್ತಕಗಳನ್ನು ಕಲೆಹಾಕಿ ಓದತೊಡಗಿದವರೂ ಇದ್ದರು. ಪ್ರಯೋಗ ಮುಗಿದ ಮೇಲೆ ಅವರಿಗೆ ಮೊದಲು ಮರಳಿದ್ದು ಮಾಂಸಖಂಡವಲ್ಲ, ಕೊಬ್ಬು. ಅವರೇನೂ ಸ್ಥೂಲದೇಹಿಗಳಾಗಿರಲಿಲ್ಲ, ಆದ್ದರಿಂದ ಬೊಜ್ಜಿನವರಿಗೆ ಈ ಪ್ರಯೋಗದ ಅಂಕಿಗಳನ್ನು ಇದ್ದಂತೆಯೇ ಅನ್ವಯಿಸಲಾಗದು. ಆದರೂ ಶರೀರವು ಬರಗಾಲವನ್ನು ಹೇಗೆ ಎದುರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಭಾರತೀಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದನ್ನು ಲೋಕಕ್ಕೆ ತೋರಿಸಿದವರು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ತಮ್ಮ ಭಾವಚಿತ್ರವನ್ನೂ ಇಂಗ್ಲೆಂಡಿನ ಸಹೋದ್ಯೋಗಿ ಯುಡ್ಕಿನ್ನರ ಭಾವಚಿತ್ರವನ್ನೂ ಜೊತೆಯಾಗಿ ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣ ಇಬ್ಬರಲ್ಲೂ ಒಂದೇ, 22.3. ಆದರೆ ಆಂಗ್ಲ ವೈದ್ಯರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿ ಶೇಕಡಾ 21.2. ನೋಡಲು ಸಣಕಲು, ಒಳಗೆ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಇದು ಭಾರತೀಯರಲ್ಲಿ ಸಾಮಾನ್ಯವಾಗಿ ಕಾಣುವ ಮೈಕಟ್ಟು. ಮೊದಲೇ ಕಡಿಮೆಯಿರುವ ಈ ಮಾಂಸಖಂಡವನ್ನು ಉಪವಾಸದಿಂದ ಮತ್ತಷ್ಟು ಕರಗಿಸಿಕೊಂಡರೆ ಉಳಿಯುವುದೇನು? ಊಟ ಮಾಡಿದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯನ್ನು ಬಹುಪಾಲು ಹೀರಿಕೊಳ್ಳುವುದು ಮಾಂಸಖಂಡವೇ. ಅದನ್ನು ಕಳೆದುಕೊಂಡು ಹತ್ತು ಕಿಲೋ ಹಗುರಾದವನು ಮಧುಮೇಹದಿಂದ ದೂರ ಸರಿದೆನೆಂದು ಭಾವಿಸಿದರೂ, ಲಾಭದ ಒಂದು ಪಾಲನ್ನು ಆಗಲೇ ಕಳೆದುಕೊಂಡಿರುತ್ತಾನೆ. 2025ರಿಂದ ಭಾರತದಲ್ಲೂ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ದೊರೆಯತೊಡಗಿವೆ. ಹಸಿವೆಯನ್ನೇ ಅಡಗಿಸುವ ಅವುಗಳನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಎಷ್ಟು ಉಣ್ಣಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ನೀಡಿದ ಲೆಕ್ಕದಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, 55 ಕಿಲೋ ತೂಕದ ಹೆಂಗಸಿಗೆ 1,660 ಕ್ಯಾಲೊರಿ ಬೇಕು. ಚುರುಕಾಗಿ ಒಂದು ಗಂಟೆ ನಡೆದರೆ 70 ಕಿಲೋ ತೂಕದವರಿಗೆ ಸುಮಾರು 250 ಕ್ಯಾಲೊರಿ ಖರ್ಚಾಗುತ್ತದೆ. ಒಂದು ಕಿಲೋ ಕೊಬ್ಬು ಎಂದರೆ ಹತ್ತಿರ ಹತ್ತಿರ 7,700 ಕ್ಯಾಲೊರಿಯ ಉಗ್ರಾಣ. ವಾರಕ್ಕೆ ಅರ್ಧ ಕಿಲೋ ಇಳಿಸಬೇಕಾದರೆ ದಿನಕ್ಕೆ 500ರಿಂದ 550 ಕ್ಯಾಲೊರಿ ಕೊರತೆ ಸಾಕು. ನಡಿಗೆಯಿಂದ ಅದರಲ್ಲಿ ಒಂದು ಪಾಲು ಬಂದೀತು, ಉಳಿದುದು ತಟ್ಟೆಯಿಂದ. ಸಾವಿರ, ಸಾವಿರದ ಇನ್ನೂರು ಕ್ಯಾಲೊರಿ ಕಡಿತ ಮಾಡುವ ಆತುರವೇಕೆ? ಇಪ್ಪತ್ತು ವರ್ಷ ಕೂಡಿಟ್ಟ ಬೊಜ್ಜು ಇಪ್ಪತ್ತು ದಿನದಲ್ಲಿ ಹೋಗಬೇಕೆಂದರೆ ಹೇಗೆ?

ಕಡಿತವನ್ನು ಎಲ್ಲಿ ಮಾಡಬೇಕೆಂಬಲ್ಲಿಯೇ ಹೆಚ್ಚಿನ ಎಡವಟ್ಟು. ತೂಕ ಎಂದೊಡನೆ ಎಲ್ಲರೂ ದೂರುವುದು ಅನ್ನವನ್ನು. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕರಾವಳಿಯಿಂದ ಹಡಗು ಹತ್ತಿ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರು ಊರಿನಲ್ಲಿ ಉಂಡು ಬೆಳೆದದ್ದು ಕುಚ್ಚಲಕ್ಕಿಯ ಗಂಜಿಯನ್ನೇ. ಬಿಜಾಪುರ, ಗುಲ್ಬರ್ಗಾ ಸೀಮೆಗಳಿಂದ ಪುಣೆ, ಸೊಲ್ಲಾಪುರ, ಹೈದರಾಬಾದುಗಳಿಗೆ ದುಡಿಯಲು ಹೋದವರ ಬುತ್ತಿಯಲ್ಲಿ ಇದ್ದದ್ದು ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ. ಅವರು ಮೈಮುರಿದು ದುಡಿದರು. ಉಂಡದ್ದು ದುಡಿಮೆಗೆ ಸರಿಹೋಯಿತು. ಮೊಮ್ಮಕ್ಕಳು ಕುರ್ಚಿಯಲ್ಲಿ ಕುಳಿತಿದ್ದಾರೆಂದ ಮೇಲೆ ಅನ್ನದ ಪ್ರಮಾಣ ಇಳಿಯಬೇಕಾದುದು ನ್ಯಾಯವೇ. ಆದರೆ ಅನ್ನಕ್ಕೆ ಪೂರ್ತಿ ಬಹಿಷ್ಕಾರ ಹಾಕಿದವರ ಮನೆಯಲ್ಲಿ ಎಣ್ಣೆಯ ಸೌಟಿನ ಕಡೆಗೆ ಯಾರೂ ನೋಡುವುದಿಲ್ಲ. ಊಟದ ಚಮಚದ ಅಳತೆಯಲ್ಲಿ ಒಂದು ಚಮಚ ಎಣ್ಣೆ ಎಂದರೆ 120 ಕ್ಯಾಲೊರಿ. ದಿನಕ್ಕೆ ಐದು ಸಲ ಚಹಾ ಕುಡಿಯುವವರು ಪ್ರತಿ ಲೋಟಕ್ಕೆ ಎರಡು ಚಿಕ್ಕ ಚಮಚ ಸಕ್ಕರೆ ಹಾಕಿಕೊಂಡರೆ ಅದೊಂದರಿಂದಲೇ ಹತ್ತಿರ 200 ಕ್ಯಾಲೊರಿ. ಎರಡು ಚಮಚ ಎಣ್ಣೆಯನ್ನೂ ಚಹಾದ ಸಕ್ಕರೆಯನ್ನೂ ಬಿಟ್ಟವರಿಗೆ, ಅನ್ನವನ್ನು ಮುಟ್ಟದೆಯೇ ದಿನದ ಕೊರತೆಯ ಬಹುಭಾಗ ದೊರೆತಂತಾಯಿತು. ಸಂಜೆ ಸ್ಟೇಷನ್ನಿನ ಹೊರಗಿನ ವಡಾಪಾವಿನ ಲೆಕ್ಕ ಇದರಲ್ಲಿ ಸೇರಿಲ್ಲ.

ಕಡಿಮೆ ಮಾಡಲೇಬಾರದ ವಸ್ತುವೆಂದರೆ ಸಸಾರಜನಕ, ಅಂದರೆ ಪ್ರೋಟೀನು. ಸಾಮಾನ್ಯರಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಎಂದು ಪೋಷಣಾ ಸಂಸ್ಥೆ ಹೇಳಿದೆ. ವ್ಯಾಯಾಮ ಮಾಡುತ್ತಾ ತೂಕ ಇಳಿಸುವವರು 1.2 ಗ್ರಾಂ ತನಕ ಸೇವಿಸುವುದು ಮಾಂಸಖಂಡದ ರಕ್ಷಣೆಗೆ ಹಿತಕರ. ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಕೂಡದು. ಅನ್ನ, ಸಾರು, ಮಜ್ಜಿಗೆ, ಉಪ್ಪಿನಕಾಯಿಯ ಊಟದಲ್ಲಿ ಇಷ್ಟು ದೊರೆಯುವುದಿಲ್ಲ. ತಿಳಿಸಾರಿನಲ್ಲಿ ಬೇಳೆಯನ್ನು ಹುಡುಕಲು ದುರ್ಬೀನೇ ಬೇಕು. ಮೂವತ್ತು ಗ್ರಾಂ ಬೇಳೆ ಅಥವಾ ಹೆಸರುಕಾಳು, ಅಷ್ಟೇ ತೂಕದ ಶೇಂಗಾ, ಒಂದು ಲೋಟ ಹಾಲು, ಒಂದು ಮೊಟ್ಟೆ, ಇವು ಒಂದೊಂದರಲ್ಲಿ ಆರೇಳು ಗ್ರಾಂ ಪ್ರೋಟೀನು ಇರುತ್ತದೆ; ನೂರು ಗ್ರಾಂ ಮೀನಿನಲ್ಲಿ ಹದಿನೆಂಟು, ಇಪ್ಪತ್ತು ಗ್ರಾಂ. ಹುರುಳಿಯ ಬಸ್ಸಾರು, ಅವರೆಕಾಳಿನ ಹುಳಿ, ಮಡಕೆಕಾಳಿನ ಉಸುಳಿ, ಬಂಗುಡೆಯ ಗಸಿ, ಯಾವ ಸೀಮೆಯ ಕನ್ನಡಿಗನಿಗೂ ಅಜ್ಜಿಯ ಅಡುಗೆಯಲ್ಲೇ ಉತ್ತರವುಂಟು. ಡಬ್ಬದ ಪುಡಿಗೆ ಮೂರು ಸಾವಿರ ರೂಪಾಯಿ ತೆರಬೇಕಾದವರು ಬಹಳ ಮಂದಿಯಿಲ್ಲ.

ಹೊತ್ತಿನ ವಿಚಾರವೂ ಉಂಟು. ಏಳರ ಗಾಡಿ ಹಿಡಿಯುವವನು ಐದೂವರೆಗೆ ನಡೆಯಲು ಹೊರಡುವ ಮುನ್ನ ಒಂದು ಬಾಳೆಹಣ್ಣನ್ನೋ ಅರ್ಧ ಲೋಟ ರಾಗಿ ಗಂಜಿಯನ್ನೋ ಸೇವಿಸಿದರೆ ಕಾಲಿಗೆ ಬಲ ಬರುತ್ತದೆ. ಅರ್ಧ ಗಂಟೆಯ ಸಾವಧಾನ ನಡಿಗೆಗೆ ಇದು ಬೇಡದಿರಬಹುದು. ಭಾರ ಎತ್ತುವವರಿಗೆ, ಓಡುವವರಿಗೆ, ಬೆಟ್ಟ ಹತ್ತುವವರಿಗೆ ಬೇಕು. ಬಂದ ಮೇಲೆ ಇಡ್ಲಿಯೊಡನೆ ಗಟ್ಟಿ ಸಾಂಬಾರು, ಅಥವಾ ಹೆಸರುಕಾಳಿನ ದೋಸೆ, ಅಥವಾ ರೊಟ್ಟಿಯೊಡನೆ ಮೊಟ್ಟೆ. ಮಧ್ಯಾಹ್ನದ ಡಬ್ಬಿ ತುಂಬಿರಲಿ. ನಾಲ್ಕಕ್ಕೆ ಒಂದು ಮುಷ್ಟಿ ಹುರಿಗಡಲೆ ಹೊಟ್ಟೆ ಸೇರಿದರೆ ಸ್ಟೇಷನ್ನಿನ ವಡಾಪಾವು ಅಷ್ಟಾಗಿ ಕರೆಯುವುದಿಲ್ಲ. ಮಹಾನಗರದ ಊಟ ತಲೆಕೆಳಗಾಗಿದೆ: ಹಗಲು ಚಹಾ-ಬಿಸ್ಕತ್ತು, ರಾತ್ರಿ ಒಂಬತ್ತೂವರೆಗೆ ಹೊಟ್ಟೆಬಿರಿಯೆ ಭೋಜನ. ಇಳಿಸಬೇಕಾದುದು ಆ ರಾತ್ರಿಯ ರಾಶಿಯನ್ನು.

ಇಷ್ಟು ಹೇಳಿದರೂ ಅರ್ಧ ಮಾತ್ರ ಹೇಳಿದಂತೆ. ಏಕೆಂದರೆ ಅರೆಹೊಟ್ಟೆಯ ವ್ಯಾಯಾಮದ ಬಿಸಿ ಹೆಚ್ಚು ತಟ್ಟುವುದು ಹೆಣ್ಣುಮಕ್ಕಳಿಗೆ. ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ಗೃಹಿಣಿ ಸೋಮವಾರ, ಏಕಾದಶಿ, ಸಂಕಷ್ಟಿಗಳಂದು ಸಾಬೂದಾನದ ಖಿಚಡಿಯಲ್ಲಿ ದಿನ ಕಳೆಯುತ್ತಾಳೆ. ಸಾಬೂದಾನವೆಂದರೆ ಬರಿಯ ಪಿಷ್ಟ. ಅದರ ಮೇಲೆ ಮಗಳ ಒತ್ತಾಯಕ್ಕೆ ಜಿಮ್ಮಿಗೂ ಸೇರುತ್ತಾಳೆ. ಮಗಳ ಕಥೆಯೂ ಬೇರೆಯಲ್ಲ. ಮದುವೆಯ ಮುನ್ನ ಎಂಟು ಕಿಲೋ ಇಳಿಯಬೇಕೆಂದು ಕಾಲೇಜಿನ ದಿನಗಳಿಂದಲೇ ಹಸಿದಿರುವವಳು. ಅಮೆರಿಕದ ಆನ್ ಲೌಕ್ಸ್ ಎಂಬ ವಿಜ್ಞಾನಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಯಾಮಕ್ಕೆ ಖರ್ಚಾದುದನ್ನು ಕಳೆದು ಉಳಿಯುವ ಆಹಾರಶಕ್ತಿಯು ಕೊಬ್ಬಿಲ್ಲದ ದೇಹಭಾಗದ ಕಿಲೋ ಒಂದಕ್ಕೆ 30 ಕ್ಯಾಲೊರಿಗಿಂತ ಕೆಳಗಿಳಿದಾಗ, ಕೇವಲ ಐದು ದಿನಗಳಲ್ಲಿ ತರುಣಿಯರ ಋತುಚಕ್ರವನ್ನು ನಡೆಸುವ ರಸಸ್ರಾವದ ಲಯ ಕೆಟ್ಟಿತು. 65 ಕಿಲೋ ತೂಕದ, ಅದರಲ್ಲಿ ಮೂರನೆಯ ಒಂದರಷ್ಟು ಕೊಬ್ಬಿರುವ ಹೆಂಗಸಿನ ಲೆಕ್ಕ ಹಾಕಿದರೆ, ವ್ಯಾಯಾಮದ ಖರ್ಚು ಕಳೆದು ಸುಮಾರು 1,300 ಕ್ಯಾಲೊರಿ ಉಳಿಯಬೇಕು. 250 ಕ್ಯಾಲೊರಿಯಷ್ಟು ವ್ಯಾಯಾಮ ಮಾಡಿ ಸಾವಿರ ಕ್ಯಾಲೊರಿ ಉಣ್ಣುವವಳಿಗೆ ಉಳಿಯುವುದು 750. ಮೈಯಲ್ಲಿ ಕೊಬ್ಬಿನ ಸಂಗ್ರಹ ಹೆಚ್ಚಿರುವವರಿಗೆ ಈ ಗಡಿ ಸ್ವಲ್ಪ ಸಡಿಲವಿರಬಹುದು. ಆದರೆ ಮುಟ್ಟು ತಪ್ಪತೊಡಗಿದರೆ, ಕೂದಲು ಉದುರಿದರೆ, ನಿದ್ರೆ ಕೆಟ್ಟರೆ ಅದನ್ನು ಶಿಸ್ತಿನ ಫಲವೆಂದು ಮೆಚ್ಚಿಕೊಳ್ಳದೆ ವೈದ್ಯರಲ್ಲಿಗೆ ಹೋಗಬೇಕು. ಹರೆಯದಲ್ಲಿ ಸವೆದ ಮೂಳೆಯ ಬೆಲೆಯನ್ನು ಅರುವತ್ತರಲ್ಲಿ ತೆರಬೇಕಾಗುತ್ತದೆ. ರಾಗಿಯ 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಮೀರಿ ಸುಣ್ಣದಂಶವಿದೆಯೆಂದು ಕನ್ನಡಿಗರಿಗೆ ಹೊರಗಿನವರು ಬಂದು ಹೇಳಬೇಕೇ?

ಮಧುಮೇಹಿಗಳ ಮಾತು ಇನ್ನೂ ಗಂಭೀರ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಏನನ್ನೂ ತಿನ್ನದೆ ಒಂದು ಗಂಟೆ ನಡೆಯುವವರ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆವರು, ಕೈನಡುಕ, ಕಣ್ಣು ಕತ್ತಲೆ, ತೊದಲು ಅದರ ಲಕ್ಷಣಗಳು. ರಸ್ತೆಯಲ್ಲಿ ಬಿದ್ದರೆ ದಾರಿಹೋಕರು ಕುಡಿದವನೆಂದು ಬಗೆದಾರು. ಇಂಥವರು ಮಾತ್ರೆ, ತಿಂಡಿ, ನಡಿಗೆಗಳ ಅನುಕ್ರಮವನ್ನು ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳಬೇಕು. ಕಿಸೆಯಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣವೊಂದು, ಮನೆಯವರ ದೂರವಾಣಿ ಸಂಖ್ಯೆಯ ಚೀಟಿಯೊಂದು ಇರಲೇಬೇಕು.

ಹೊರನಾಡಿನ ಅನೇಕ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಶಿಬಿರ ನಡೆಸುತ್ತವೆ. ಅಲ್ಲಿ ತೂಕ ನೋಡಿ, ರಕ್ತದೊತ್ತಡ ಅಳೆದು, “ಹತ್ತು ಕಿಲೋ ಇಳಿಸಿ” ಎಂದು ಚೀಟಿ ಬರೆದುಕೊಟ್ಟು ಕಳುಹಿಸುವುದೇ ರೂಢಿ. ವಾರ್ಷಿಕೋತ್ಸವದ ಹೋಳಿಗೆಯ ಊಟಕ್ಕಾಗಿ ಎರಡು ದಿನ ಮೊದಲೇ ಉಪವಾಸ ಹಿಡಿಯುವ ಸದಸ್ಯರು ಆ ಚೀಟಿಯನ್ನು ಯಾವ ಅರ್ಥದಲ್ಲಿ ಸ್ವೀಕರಿಸುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ತೂಕದ ಯಂತ್ರದ ಪಕ್ಕದಲ್ಲಿ ದರ್ಜಿಯ ಟೇಪೊಂದನ್ನು ಇಟ್ಟು ಸೊಂಟದ ಸುತ್ತಳತೆಯನ್ನು ಬರೆದುಕೊಳ್ಳಲಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದೆಂಬುದು ಭಾರತೀಯರಿಗೆ ವೈದ್ಯರು ಹಾಕಿರುವ ಎಲ್ಲೆ. ಆಹಾರತಜ್ಞರೊಬ್ಬರನ್ನು ಕರೆಸಿ ಕುಳ್ಳಿರಿಸಲಿ. ಸರದಿಯಲ್ಲಿ ಬರುವ ಪ್ರತಿಯೊಬ್ಬರನ್ನೂ, ಅದರಲ್ಲೂ ಮನೆಯೊಡತಿಯರನ್ನು, ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಉಂಡಿರಿ, ಈ ಬೆಳಿಗ್ಗೆ ಏನು ತಿಂದಿರಿ ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಅದೇ ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡಲಿ.