ತುದಿ ಹೊಂದಿದರೆ ಸಾಲದು

ಕಾರವಾರದ ಕೋಡಿಬಾಗದಿಂದ ಸದ್ಗೃಹಸ್ಥರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳು ಇಂಜಿನಿಯರಿಂಗ್ ಕಡೆಯ ವರ್ಷದಲ್ಲಿ ಓದುತ್ತಿದ್ದಾಳೆ. ಓದಿಗೆಂದು ಸಾಲ ಮಾಡಿ ಕೊಡಿಸಿದ ದೊಡ್ಡ ಸಾಮರ್ಥ್ಯದ ಲ್ಯಾಪ್‌ಟಾಪಿನ ಚಾರ್ಜರ್ ಕೆಟ್ಟುಹೋಗಿದೆ. ಪೇಟೆಯಲ್ಲಿ ವಿಚಾರಿಸಿದಾಗ, ತುದಿ ಸರಿಯಾಗಿ ಕೂಡುವ ಚಾರ್ಜರೊಂದು ಅಗ್ಗದ ಬೆಲೆಗೆ ದೊರೆಯಿತು. ಮಗಳು ಮಾತ್ರ ಅದನ್ನು ಒಪ್ಪದೆ, ಕಂಪನಿಯದೇ ಆಗಬೇಕೆಂದು ಹಟ ಹಿಡಿದಿದ್ದಾಳೆ. ಅದರ ಬೆಲೆಯೋ ಹಲವು ಪಟ್ಟು ಹೆಚ್ಚು. "ಇದು ಅಗತ್ಯವೋ ಅಥವಾ ಈ ಕಾಲದ ಮಕ್ಕಳ ಆಡಂಬರವೋ? ಮನೆಯಲ್ಲಿ ತಂದೆ ಮಗಳ ನಡುವೆ ಮಾತು ನಿಂತಿದೆ, ತಾವೇ ತೀರ್ಮಾನ ಹೇಳಬೇಕು" ಎಂದು ಅವರು ಕೇಳಿದ್ದಾರೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದವನಿಗೆ ಚಾರ್ಜರಿನ ವಿಚಾರವೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಇದು ಕೇವಲ ಒಂದು ಸಲಕರಣೆಯ ಪ್ರಶ್ನೆಯಲ್ಲ. ಮನೆಯ ಹಣ, ಮಗಳ ವಿದ್ಯೆ, ಮನೆಮಂದಿಯ ಸುರಕ್ಷತೆ ಈ ಮೂರೂ ಅದರಲ್ಲಿ ಸೇರಿಕೊಂಡಿವೆ. ಇಂದು ನಮ್ಮ ಬಹುತೇಕ ಮನೆಗಳಲ್ಲಿ ಇಂತಹ ಯಂತ್ರವೊಂದು ಇದ್ದೇ ಇರುವುದರಿಂದ ಎಲ್ಲ ಬಂಧುಗಳಿಗೂ ಪ್ರಯೋಜನವಾದೀತೆಂದು, ಬಲ್ಲವರಿಂದ ಕೇಳಿ, ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಾವು ಚಾರ್ಜರ್ ಎಂದು ಕರೆಯುವ ಆ ಕರಿಯ ಪೆಟ್ಟಿಗೆ ನಿಜವಾಗಿ ಬ್ಯಾಟರಿಯನ್ನು ತುಂಬುವ ಯಂತ್ರವಲ್ಲ. ಗೋಡೆಯಿಂದ ಬರುವ 230 ವೋಲ್ಟಿನ, ದಿಕ್ಕು ಬದಲಿಸುತ್ತಿರುವ ವಿದ್ಯುತ್ತನ್ನು ಸುಮಾರು 20 ವೋಲ್ಟಿನ, ಒಂದೇ ದಿಕ್ಕಿನ ವಿದ್ಯುತ್ತಾಗಿ ಪರಿವರ್ತಿಸಿ ಕೊಡುವುದಷ್ಟೇ ಅದರ ಕೆಲಸ. ಬ್ಯಾಟರಿಗೆ ಎಷ್ಟು ತುಂಬಬೇಕು, ಎಂದು ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುವ ವ್ಯವಸ್ಥೆ ಲ್ಯಾಪ್‌ಟಾಪಿನ ಒಳಗೇ ಇರುತ್ತದೆ. ಆದುದರಿಂದ ಪೆಟ್ಟಿಗೆ ಮತ್ತು ಯಂತ್ರ ಒಂದನ್ನೊಂದು ಅರಿತು ನಡೆಯುವ ಜೋಡಿಯಾಗಿರಬೇಕು.

ಹೊಸದನ್ನು ಕೊಳ್ಳುವುದಕ್ಕೆ ಮುನ್ನ ಹಳೆಯದು ನಿಜವಾಗಿಯೂ ಕೆಟ್ಟಿದೆಯೇ ಎಂದು ನೋಡಬೇಕು. ಗೋಡೆಯ ಸಾಕೆಟ್ಟಿನಲ್ಲಿ ಬೇರೆ ಉಪಕರಣ ನಡೆಯುತ್ತದೆಯೇ ಎಂಬುದು ಮೊದಲ ಪರೀಕ್ಷೆ. ಗೋಡೆಯಿಂದ ಪೆಟ್ಟಿಗೆಯವರೆಗೆ ಬರುವ ವಯರು ಬಹುತೇಕ ಚಾರ್ಜರುಗಳಲ್ಲಿ ಬಿಡಿಸಿ ತೆಗೆಯುವಂಥದು. ಅನೇಕ ಸಲ ಕೆಟ್ಟಿರುವುದು ಅದೊಂದೇ, ಅದರ ಬೆಲೆ ಅಲ್ಪ. ಲ್ಯಾಪ್‌ಟಾಪಿನ ರಂಧ್ರದಲ್ಲಿ ಧೂಳೋ ಕಿಲುಬೋ ಕಟ್ಟಿದ್ದರೂ ವಿದ್ಯುತ್ತು ಹರಿಯದು. ಸಮುದ್ರದ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಸೇರುವ ಕಾರವಾರ, ಅಂಕೋಲೆಗಳಲ್ಲಿ ಲೋಹದ ತುದಿಗಳಿಗೆ ಕಿಲುಬು ಬೇಗ ಹಿಡಿಯುತ್ತದೆ. ಬಲ್ಲ ರಿಪೇರಿಯವರು ಮಲ್ಟಿಮೀಟರಿನಿಂದ ನೋಡಿ ಹೇಳಬಲ್ಲರು. ಆದರೆ ಟೈಪ್ ಸಿ ತುದಿಯ ಚಾರ್ಜರು ಯಂತ್ರದೊಡನೆ ಒಪ್ಪಂದವಾಗುವವರೆಗೆ ಪೂರ್ಣ ವೋಲ್ಟೇಜನ್ನು ಹೊರಬಿಡುವುದಿಲ್ಲ. ಬರಿಯ ತುದಿಯನ್ನು ಮೀಟರಿನಿಂದ ಮುಟ್ಟಿ ಅದು ಸತ್ತಿದೆಯೆಂದು ತೀರ್ಮಾನಿಸಬಾರದು.

ಹಳೆಯದು ಕೆಟ್ಟಿರುವುದು ಖಚಿತವಾದರೆ, ಅದರ ಬೆನ್ನ ಮೇಲಿನ ಚೀಟಿಯನ್ನು ಓದಬೇಕು. ಸೂತ್ರವೊಂದನ್ನು ಓದುವಾಗ ನಮ್ಮ ಗುರುಗಳು ಮೊದಲು ಪದಚ್ಛೇದ, ಬಳಿಕ ಪದಗಳ ಅರ್ಥ, ಕಡೆಗೆ ಅನ್ವಯ ಎಂಬ ಕ್ರಮವನ್ನು ಹಿಡಿಸುತ್ತಿದ್ದರು. ಆ ಚೀಟಿಯೂ ಸೂತ್ರದಂತೆಯೇ ಇದೆ. ಅಕ್ಷರ ಕಡಿಮೆ, ಅರ್ಥ ಬಹಳ. ಇನ್‌ಪುಟ್ ಎಂಬಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಅದು ನಮ್ಮ ದೇಶದ ವಿದ್ಯುತ್ತಿಗೆ ಸಲ್ಲುತ್ತದೆ. ಮುಖ್ಯವಾದುದು ಔಟ್‌ಪುಟ್ ಎಂಬ ಸಾಲು. ದೊಡ್ಡ ಲ್ಯಾಪ್‌ಟಾಪ್ ಒಂದರ ಚಾರ್ಜರಿನಲ್ಲಿ ಅಲ್ಲಿ 20 ವೋಲ್ಟ್, 11.5 ಆಂಪಿಯರ್ ಎಂದಿರುತ್ತದೆ. ಇವೆರಡನ್ನು ಗುಣಿಸಿದರೆ 230 ವ್ಯಾಟ್. ಸಾಧಾರಣ ಕಚೇರಿ ಲ್ಯಾಪ್‌ಟಾಪಿನದರಲ್ಲಿ 20 ವೋಲ್ಟ್, 3.25 ಆಂಪಿಯರ್ ಎಂದಿರುತ್ತದೆ. ಗುಣಿಸಿದರೆ 65 ವ್ಯಾಟ್.

ಇವುಗಳ ಅರ್ಥ ತಿಳಿಯಲು ಕೋಡಿಬಾಗದವರಿಗೆ ಮನೆಯ ಬಳಿಯ ಕಾಳಿ ನದಿಯ ಉಪಮೆಯೇ ಸಾಕು. ಸಮುದ್ರ ಸೇರುವ ಮುನ್ನ ಆ ನದಿ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ತನ್ನು ಕೊಟ್ಟು ಬರುತ್ತದೆ. ನಾಗಝರಿಯಲ್ಲಿ ನೀರು ಬಹಳ ಎತ್ತರದಿಂದ ಧುಮುಕುತ್ತದೆ; ಕದ್ರಾದಲ್ಲಿ ಎತ್ತರ ಅದಕ್ಕಿಂತ ಬಹು ಕಡಿಮೆ. ನೀರು ಬೀಳುವ ಎತ್ತರವೇ ವೋಲ್ಟ್, ಹರಿಯುವ ನೀರಿನ ಪ್ರಮಾಣವೇ ಆಂಪಿಯರ್, ಎರಡೂ ಕೂಡಿ ಚಕ್ರವನ್ನು ತಿರುಗಿಸುವ ಬಲವೇ ವ್ಯಾಟ್ ಎಂದು ತಿಳಿಯಬಹುದು. ಕದ್ರಾದ ಎತ್ತರಕ್ಕೆಂದು ಮಾಡಿದ ಚಕ್ರಕ್ಕೆ ನಾಗಝರಿಯ ಎತ್ತರದಿಂದ ನೀರು ಬಿಟ್ಟರೆ ಚಕ್ರ ಉಳಿಯುವುದೇ? ಹಾಗೆಯೇ 20 ವೋಲ್ಟಿನ ಯಂತ್ರಕ್ಕೆ ಅದಕ್ಕಿಂತ ಬಹಳ ಹೆಚ್ಚಿನ ವೋಲ್ಟನ್ನು ಕೊಟ್ಟರೆ ಒಳಗಿನ ಭಾಗಗಳು ಸುಟ್ಟುಹೋದಾವು. ಆದುದರಿಂದ ವೋಲ್ಟ್ ಹಳೆಯದರಲ್ಲಿ ಇದ್ದಷ್ಟೇ ಇರಬೇಕೆಂಬುದು ಮೊದಲ ನಿಯಮ.

ಆಂಪಿಯರಿನ ಮಾತು ಬೇರೆ. ಅದು ಹಳೆಯದರಷ್ಟಿರಬೇಕು ಅಥವಾ ಹೆಚ್ಚಿರಬೇಕು; ಕಡಿಮೆ ಮಾತ್ರ ಇರಕೂಡದು. ಹೆಚ್ಚಿದ್ದರೆ ಯಂತ್ರ ಸುಡುವುದೆಂಬ ಭಯ ಅನೇಕರಲ್ಲಿದೆ, ಅದಕ್ಕೆ ಆಧಾರವಿಲ್ಲ. ಇಪ್ಪತ್ತು ಟನ್ ಹೊರಬಲ್ಲ ಸೇತುವೆಯ ಮೇಲೆ ಎತ್ತಿನ ಗಾಡಿಯೊಂದು ಹೋದರೆ ಗಾಡಿಗೇನು ಕೇಡು? ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ವೋಲ್ಟೂ ತುದಿಯೂ ಅದೇ ಆಗಿದ್ದು, ತಯಾರಕರು ಹೊಂದುತ್ತದೆಂದು ಹೇಳಿದ್ದರೆ, 230 ವ್ಯಾಟಿನ ಲ್ಯಾಪ್‌ಟಾಪಿಗೆ 280 ವ್ಯಾಟಿನ ಚಾರ್ಜರನ್ನು ನಿಶ್ಚಿಂತೆಯಿಂದ ಬಳಸಬಹುದು.

ಕಡಿಮೆ ಸಾಮರ್ಥ್ಯದ್ದನ್ನು ಹಾಕಿದರೆ ಏನಾಗುತ್ತದೆ? ದೊಡ್ಡ ಲ್ಯಾಪ್‌ಟಾಪುಗಳಲ್ಲಿ ಮುಖ್ಯ ಸಂಸ್ಕಾರಕದ ಜೊತೆಗೆ ಚಿತ್ರಗಳನ್ನು ರಚಿಸುವ ಪ್ರತ್ಯೇಕ ಸಂಸ್ಕಾರಕವೂ ಇರುತ್ತದೆ. ನಕ್ಷೆಗಳ ರಚನೆ, ದೊಡ್ಡ ಲೆಕ್ಕಗಳು ಮೊದಲಾದ ಭಾರವಾದ ಕೆಲಸ ಬಂದಾಗ ಎರಡೂ ಒಟ್ಟಿಗೆ ವಿದ್ಯುತ್ತನ್ನು ಬೇಡುತ್ತವೆ. ಚಾರ್ಜರ್ ಅದನ್ನು ಪೂರೈಸಲಾರದೆ ಹೋದರೆ ಕೆಲವು ಯಂತ್ರಗಳು ವೇಗವನ್ನು ಕುಗ್ಗಿಸಿಕೊಳ್ಳುತ್ತವೆ. ಕೆಲವು, ಕೊರತೆಯನ್ನು ಬ್ಯಾಟರಿಯಿಂದ ತುಂಬಿಕೊಳ್ಳುವುದರಿಂದ, ಚಾರ್ಜರ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತದೆ. ಕೆಲವು ಅಂತಹ ಚಾರ್ಜರನ್ನು ಒಪ್ಪುವುದೇ ಇಲ್ಲ. ಒಳ್ಳೆಯ ಚಾರ್ಜರ್ ಮಿತಿ ಮೀರಿದಾಗ ತಾನೇ ನಿಂತುಬಿಡುತ್ತದೆ. ರಕ್ಷಣೆಯ ವ್ಯವಸ್ಥೆ ಇಲ್ಲದ ಅಗ್ಗದ ಚಾರ್ಜರ್ ನಿಲ್ಲದೆ ಕಾಯುತ್ತಲೇ ಹೋಗುತ್ತದೆ. ಅಪಾಯವಿರುವುದು ಅಲ್ಲಿಯೇ.

ಇನ್ನು ತುದಿಯ ವಿಚಾರ. ಒಂದೇ ತಯಾರಕರ, ಒಂದೇ ಆಕಾರದ ತುದಿಯಲ್ಲಿ 65 ವ್ಯಾಟಿನ ಚಾರ್ಜರೂ ಇರುವುದುಂಟು, 230 ವ್ಯಾಟಿನದೂ ಇರುವುದುಂಟು. ಆದುದರಿಂದ ತುದಿ ಒಳಗೆ ಹೋಯಿತೆಂಬುದು ಹೊಂದಾಣಿಕೆಯ ಪ್ರಮಾಣವಾಗದು. ತರ್ಕದ ಮಾತಿನಲ್ಲಿ ಹೇಳುವುದಾದರೆ ಅದು ಅವಶ್ಯ ಕಾರಣ, ಆದರೆ ಸಾಕಷ್ಟು ಕಾರಣವಲ್ಲ. ದುಂಡು ತುದಿಯಲ್ಲಿ ಒಳಭಾಗ ಧನವೋ ಹೊರಭಾಗ ಧನವೋ ಎಂಬುದನ್ನು ಚೀಟಿಯ ಮೇಲಿನ ಪುಟ್ಟ ಚಿತ್ರ ತೋರಿಸುತ್ತದೆ; ಅದೂ ಹಳೆಯದರಂತೆಯೇ ಇರಬೇಕು. ಡೆಲ್, ಎಚ್‌ಪಿ ಮುಂತಾದವರ ಅನೇಕ ದುಂಡು ತುದಿಗಳ ನಡುವೆ ಸೂಜಿಯಂತಹ ಕಡ್ಡಿಯೊಂದಿರುತ್ತದೆ. ಚಾರ್ಜರಿನ ಗುರುತು ಯಂತ್ರಕ್ಕೆ ತಿಳಿಯುವುದು ಅದರ ಮೂಲಕ. ಗುರುತು ಸಿಗದಿದ್ದರೆ ಡೆಲ್ ಲ್ಯಾಪ್‌ಟಾಪು ಚಾರ್ಜರ್ ಯಾವುದೆಂದು ತಿಳಿಯುತ್ತಿಲ್ಲವೆಂದು ಪರದೆಯ ಮೇಲೆ ತಿಳಿಸಿ, ಬ್ಯಾಟರಿ ತುಂಬುವುದನ್ನು ನಿಲ್ಲಿಸಿ ವೇಗವನ್ನೂ ತಗ್ಗಿಸುತ್ತದೆ. ನಾಲ್ಕಾರು ತುದಿಗಳನ್ನು ಬದಲಿಸಿ ಹಾಕುವ 'ಎಲ್ಲಕ್ಕೂ ಒಂದೇ' ಚಾರ್ಜರುಗಳು ಎಡವುವುದು ಬಹುಮಟ್ಟಿಗೆ ಇಲ್ಲಿ.

ಈಗ ಟೈಪ್ ಸಿ ತುದಿ ಎಲ್ಲೆಡೆ ಬರುತ್ತಿದೆ. ಯುರೋಪಿನ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಮೊಬೈಲುಗಳಿಗೂ 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪುಗಳಿಗೂ ಅನ್ವಯಿಸುವಂತೆ ಈ ತುದಿಯನ್ನು ಕಡ್ಡಾಯಗೊಳಿಸಿ ನಿಯಮ ಮಾಡಿದೆ. ಈ ಪದ್ಧತಿಯಲ್ಲಿ ಚಾರ್ಜರೂ ಯಂತ್ರವೂ ಮೊದಲು ಮಾತಾಡಿಕೊಂಡು 5, 9, 15, 20 ವೋಲ್ಟುಗಳಲ್ಲಿ ಯಾವುದು ಬೇಕೆಂದು ಗೊತ್ತುಮಾಡಿಕೊಳ್ಳುತ್ತವೆ. ಮೊದಲಿದ್ದ ಮಿತಿ 100 ವ್ಯಾಟ್. 2021ರಲ್ಲಿ ಬಂದ ಹೊಸ ಪದ್ಧತಿಯಲ್ಲಿ 240 ವ್ಯಾಟಿನವರೆಗೂ ಅವಕಾಶವಿದೆ. ಇಲ್ಲಿ ಕೇಬಲಿನ ಕಡೆಗೂ ಗಮನ ಬೇಕು. ಸಾಮಾನ್ಯ ಕೇಬಲ್ ಹೊರುವುದು 60 ವ್ಯಾಟ್ ಮಾತ್ರ. ಅದಕ್ಕಿಂತ ಹೆಚ್ಚಿಗೆ ಒಳಗೆ ಗುರುತಿನ ಚಿಪ್ ಇರುವ, 100 ಅಥವಾ 240 ವ್ಯಾಟ್ ಎಂದು ನಮೂದಿಸಿದ ಕೇಬಲ್ಲೇ ಆಗಬೇಕು. ಅಲ್ಲದೆ ಲ್ಯಾಪ್‌ಟಾಪಿನ ಎಲ್ಲ ಟೈಪ್ ಸಿ ರಂಧ್ರಗಳೂ ವಿದ್ಯುತ್ತನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಯಂತ್ರದ ಕೈಪಿಡಿಯನ್ನು ನೋಡಿಯೇ ತಿಳಿಯಬೇಕು.

ಕೋಡಿಬಾಗದ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಗಳು ಕೇಳುತ್ತಿರುವುದು ಆಡಂಬರವಲ್ಲ. ಅಗ್ಗದ ಚಾರ್ಜರನ್ನು ಅವಳು ಒಪ್ಪದಿರುವುದು ತಿಳಿವಳಿಕೆಯ ಲಕ್ಷಣ. ಆದರೆ ಕಂಪನಿಯದೊಂದೇ ದಾರಿಯೆಂದೂ ತಿಳಿಯಬೇಕಿಲ್ಲ. ಮೊದಲನೆಯದಾಗಿ, ಯಂತ್ರಕ್ಕೆ ವಾರಂಟಿಯ ಅವಧಿ ಉಳಿದಿದೆಯೇ ನೋಡಿರಿ. ಚಾರ್ಜರಿಗೂ ಅದು ಸಲ್ಲುವುದಾದರೆ ಖರ್ಚೇ ಇಲ್ಲ. ಎರಡನೆಯದಾಗಿ, ವೋಲ್ಟ್, ವ್ಯಾಟ್, ತುದಿ, ಗುರುತು ಈ ನಾಲ್ಕೂ ಹೊಂದುವ, ಬಿಲ್ಲನ್ನೂ ವಾರಂಟಿಯನ್ನೂ ಕೊಡುವ ಹೆಸರಾಂತ ಬೇರೆ ತಯಾರಕರದು ಸಿಕ್ಕರೆ ತೆಗೆದುಕೊಳ್ಳಬಹುದು. ಮೂರನೆಯದಾಗಿ, ಕೈಪಿಡಿ ಒಪ್ಪುವುದಾದರೆ 100 ವ್ಯಾಟಿನ ಟೈಪ್ ಸಿ ಚಾರ್ಜರಿನಿಂದ ಬರವಣಿಗೆ, ಓದು ಮುಂತಾದ ಹಗುರ ಕೆಲಸಗಳನ್ನು ಸದ್ಯಕ್ಕೆ ನಡೆಸಿ, ಹಣ ಕೂಡಿದಾಗ ಪೂರ್ಣ ಸಾಮರ್ಥ್ಯದ್ದನ್ನು ತರಬಹುದು. ಆದರೆ ಅವಳ ಪ್ರಾಜೆಕ್ಟಿನ ಕೆಲಸ ಭಾರವಾದುದಾಗಿದ್ದು ದಿನಗಳು ಕಡಿಮೆ ಉಳಿದಿದ್ದರೆ, ಬೇರೆ ಖರ್ಚನ್ನು ಮುಂದೂಡಿಯಾದರೂ ಸರಿಯಾದುದನ್ನೇ ತರುವುದು ಲೇಸು. ಎರಡು ಬಾರಿ ಅಗ್ಗದ್ದನ್ನು ಕೊಳ್ಳುವುದು ಉಳಿತಾಯವಲ್ಲ. ಸಾಲ ಮಾಡಿ ತಂದ ಯಂತ್ರ ಅದರಿಂದಲೇ ಕೆಟ್ಟರಂತೂ ನಷ್ಟಕ್ಕೆ ಮಿತಿಯಿಲ್ಲ.

ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಗುರುತನ್ನು ನೋಡತಕ್ಕದ್ದು. ಕಡ್ಡಾಯ ನೋಂದಣಿ ಆದೇಶದಂತೆ ಇಂತಹ ಅಡಾಪ್ಟರುಗಳು ಬ್ಯೂರೋದಲ್ಲಿ ನೋಂದಣಿಯಾಗಿರಬೇಕು. ಮಾನಕದ ಸಂಖ್ಯೆಯೊಡನೆ ಆರ್ ಎಂಬ ಅಕ್ಷರದಿಂದ ಮೊದಲಾಗುವ ನೋಂದಣಿ ಸಂಖ್ಯೆ ಅವುಗಳ ಮೇಲಿರಬೇಕು. ಬ್ಯೂರೋದ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಬರೆದು ನೋಡಿದರೆ ತಯಾರಕರ ಹೆಸರು ತೋರುತ್ತದೆ. ಅಲ್ಲಿ ಬಂದ ಹೆಸರೂ ಪೆಟ್ಟಿಗೆಯ ಮೇಲಿನ ಹೆಸರೂ ಬೇರೆಯಾದರೆ ಅದನ್ನು ಮುಟ್ಟದಿರುವುದೇ ಮೇಲು. ಇಷ್ಟು ಎಚ್ಚರ ಏಕೆಂದರೆ, ಪೆಟ್ಟಿಗೆಯೊಳಗೆ 230 ವೋಲ್ಟಿನ ಭಾಗಕ್ಕೂ ನಾವು ಕೈಯಿಂದ ಮುಟ್ಟುವ 20 ವೋಲ್ಟಿನ ಭಾಗಕ್ಕೂ ನಡುವೆ ಸಾಕಷ್ಟು ಅಂತರ, ನಿರೋಧಕ ವಸ್ತು ಇರಲೇಬೇಕು. ನಕಲಿ ಮಾಡುವವರು ಖರ್ಚು ಉಳಿಸುವುದು ಹೊರಗೆ ಕಾಣದ ಇಂತಹ ಕಡೆಯಲ್ಲಿಯೇ.

ಬಳಕೆಯಲ್ಲಿಯೂ ಕೆಲವು ನಿಯಮಗಳಿವೆ. 230 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಒಂದು ಆಂಪಿಯರ್; ಪರಿವರ್ತನೆಯಲ್ಲಿ ಆಗುವ ನಷ್ಟ ಸೇರಿ ಸ್ವಲ್ಪ ಹೆಚ್ಚು. ಆದುದರಿಂದ ಮನೆಯ 6 ಆಂಪಿಯರಿನ ಸಾಕೆಟ್ ಧಾರಾಳವಾಗಿ ಸಾಕು. ಆದರೆ ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ತಪ್ಪಿಸಿ ಎರಡು ರಂಧ್ರದ ಸಾಕೆಟ್ಟಿಗೆ ಸಿಕ್ಕಿಸಬೇಡಿರಿ, ಅದು ಅರ್ಥಿಂಗಿನದು. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವುದು ಅನೇಕ ಸಲ ಅರ್ಥಿಂಗ್ ಇಲ್ಲದ್ದರಿಂದ. ಮಳೆಗಾಲದ ಗುಡುಗು ಮಿಂಚಿನ ಹೊತ್ತಿನಲ್ಲಿ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಳಚಬೇಕು. ಚಾರ್ಜರನ್ನು ಹಾಸಿಗೆ, ದಿಂಬುಗಳ ಮೇಲಿಡದೆ ಗಾಳಿಯಾಡುವ ಗಟ್ಟಿ ನೆಲದ ಮೇಲಿಡಬೇಕು.

ಕೆಟ್ಟ ಚಾರ್ಜರನ್ನು ಕಸದ ರಾಶಿಗಾಗಲಿ ನದಿಯ ಅಳಿವೆಗಾಗಲಿ ಎಸೆಯಬಾರದು, ತಾಮ್ರದ ಆಸೆಗೆ ಸುಡಲೂ ಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳು ಅಂತಹ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಲ್ಲಿಯೇ ಹಳೆಯದನ್ನು ತೆಗೆದುಕೊಳ್ಳುವರೇ ಎಂದು ಕೇಳಿ ನೋಡಿರಿ.

ಕಡೆಯದಾಗಿ ಎಲ್ಲ ಬಂಧುಗಳಲ್ಲಿ ಒಂದು ಸೂಚನೆ. ಕೈ ತಾಗಿ ತಾಗಿ, ಬಿಸಿ ಹತ್ತಿ ಚಾರ್ಜರಿನ ಮೇಲಿನ ಅಕ್ಷರಗಳು ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತವೆ. ಕೆಟ್ಟ ದಿನ ಓದಹೋದರೆ ಏನೂ ಕಾಣದು. ಇಂದೇ ಅದನ್ನು ತಿರುಗಿಸಿ ವೋಲ್ಟ್, ಆಂಪಿಯರ್, ವ್ಯಾಟ್, ಮಾದರಿಯ ಸಂಖ್ಯೆ ಈ ನಾಲ್ಕನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಬರೆಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ, ಹಿರಿಯರು ಬಳಿ ಕುಳಿತು ಅರ್ಥ ಕೇಳಿ ತಿಳಿದುಕೊಳ್ಳುವುದು ಇನ್ನೂ ಒಳ್ಳೆಯದು.